ನಾಡಿಯ ಎಣಿಕೆ ಮತ್ತು ದಿನದ ಶಕ್ತಿ: ದೀರ್ಘ ಕಾಯಿಲೆಯವರ ಮನೆಗಳಿಗೆ ಒಂದು ತಿಳಿವಳಿಕೆ

ಜ್ವರವೊಂದು ಬಂದು ಹೋಗಿರುತ್ತದೆ. ರಕ್ತಪರೀಕ್ಷೆಯ ವರದಿಗಳೆಲ್ಲ ಸರಿಯಾಗಿವೆ ಎಂದು ವೈದ್ಯರು ಹೇಳಿರುತ್ತಾರೆ. ಆದರೂ ತಿಂಗಳುಗಳು ಕಳೆದರೂ ಮೈಗೆ ಹಳೆಯ ಬಲ ಮರಳುವುದಿಲ್ಲ. ಒಂದು ದಿನ ಹಗುರವೆನಿಸಿ ಮನೆಯ ಕೆಲಸವನ್ನೆಲ್ಲ ಮಾಡಿ ಮುಗಿಸಿದವರು ಮರುದಿನವೋ ಅದರ ಮರುದಿನವೋ ಹಾಸಿಗೆಯಿಂದ ಏಳಲಾರದೆ ಮಲಗುತ್ತಾರೆ. ನೋಡಿದವರಿಗೆ ಇದು ಅರ್ಥವಾಗುವುದಿಲ್ಲ. ನಿನ್ನೆ ಚೆನ್ನಾಗಿದ್ದವರಿಗೆ ಇಂದು ಏನಾಯಿತು ಎಂದು ಕೇಳುತ್ತಾರೆ. ಕೆಲವರು ಕೇಳದೆಯೇ ತೀರ್ಮಾನಿಸಿಬಿಡುತ್ತಾರೆ. ರಾಯಚೂರು ನಗರದಿಂದಲೂ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಿಂದಲೂ ಮಠಕ್ಕೆ ಬರುವ ಭಕ್ತರ ಮನೆಗಳಲ್ಲಿ ಇಂಥ ಸಂಕಟ ಅಪರೂಪವಲ್ಲ. ಇಂಥವರು ತಮ್ಮ ದಿನದ ಶಕ್ತಿಯನ್ನು ಅಳೆದು ಹಂಚಿಕೊಳ್ಳಲು ಹೃದಯದ ಬಡಿತದ ಎಣಿಕೆ ಹೇಗೆ ನೆರವಾಗುತ್ತದೆ ಎಂಬುದನ್ನು ಇಲ್ಲಿ ತಿಳಿಸಲು ಬಯಸುತ್ತೇವೆ.

ಮೊದಲಿಗೆ ಕಾಯಿಲೆಯ ಸ್ವರೂಪವನ್ನು ನೋಡೋಣ. ದುಡಿದ ಮೈ ದಣಿಯುವುದು ಸಹಜ. ಒಂದು ರಾತ್ರಿಯ ನಿದ್ರೆಯಿಂದ ಆ ದಣಿವು ಕಳೆಯುತ್ತದೆ. ಇಲ್ಲಿ ಹೇಳುತ್ತಿರುವುದು ಬೇರೆ ಬಗೆಯದು. ಶ್ರಮಪಟ್ಟ ಹನ್ನೆರಡು ಗಂಟೆಗಳಿಂದ ಎರಡು ಮೂರು ದಿನಗಳ ನಂತರ ದೇಹ ಕುಸಿಯುತ್ತದೆ. ಮೈಕೈ ನೋವು, ತಲೆ ಮಂಕಾಗುವಿಕೆ, ನಿದ್ರೆಯ ಏರುಪೇರು, ಜ್ವರ ಬಂದಂಥ ಅನುಭವ ಇವೆಲ್ಲ ಒಟ್ಟಾಗಿ ಬಂದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತವೆ. ಶ್ರಮವೆಂದರೆ ಹೊಲದ ದುಡಿಮೆಯೇ ಆಗಬೇಕಿಲ್ಲ. ಸ್ನಾನ, ಬಹಳ ಹೊತ್ತು ಮಾತುಕತೆ, ಲೆಕ್ಕಪತ್ರ ನೋಡುವುದು, ಮನೆಯೊಳಗಿನ ಒಂದು ಜಗಳ ಕೂಡ ಸಾಕು. ವೈದ್ಯಕೀಯದಲ್ಲಿ ಇದನ್ನು ಶ್ರಮಾನಂತರದ ಕುಸಿತವೆನ್ನಬಹುದಾದ ಹೆಸರಿನಿಂದ ಕರೆಯುತ್ತಾರೆ. ಎಂ.ಇ. ಅಥವಾ ದೀರ್ಘಕಾಲಿಕ ಆಯಾಸದ ಕಾಯಿಲೆ ಎಂದು ಹೆಸರಾದ ರೋಗದ ಮುಖ್ಯ ಗುರುತು ಇದೇ ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರ ತನ್ನ ವರದಿಯಲ್ಲಿ ಸ್ಪಷ್ಟಪಡಿಸಿತು. ಕೋವಿಡ್ ಬಂದು ಹೋದ ಮೇಲೂ ಉಳಿಯುವ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಒಂದು ವ್ಯಾಖ್ಯೆಯನ್ನು ಕೊಟ್ಟಿತು. ಆ ರೋಗಿಗಳಲ್ಲಿಯೂ ಅನೇಕರಿಗೆ ಈ ಕುಸಿತ ಕಾಣಿಸಿಕೊಳ್ಳುತ್ತದೆ.

ಜ್ವರದ ಬಾಲ ಉದ್ದವಾಗಿರಬಹುದೆಂಬುದು ನಮ್ಮ ಸೀಮೆಯವರಿಗೆ ಹೊಸದಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ದೇಶದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳೊಂದಿಗೆ ಹರಡಿದಾಗ ಅತಿ ಹೆಚ್ಚು ಬಾಧೆಗೊಳಗಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಅಂದು ಜ್ವರ ಬಿಟ್ಟರೂ ಕೀಲುನೋವು ಬಿಡದೆ, ಗೋಡೆ ಹಿಡಿದು ಏಳುತ್ತಿದ್ದ ಹಿರಿಯರನ್ನು ನೋಡಿದ ನೆನಪು ಹಲವರಿಗೆ ಇದ್ದೀತು. ಆ ಕೀಲುನೋವೂ ಈ ಕುಸಿತವೂ ಒಂದೇ ಅಲ್ಲ. ಆದರೆ ಸೋಂಕು ಹೋದರೂ ದೇಹ ಸುಧಾರಿಸಿಕೊಳ್ಳಲು ಬಹುಕಾಲ ಬೇಕಾಗಬಹುದೆಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿ ಮುಂದುವರಿಯುವುದು ಕ್ಷೇಮ. ಎಲ್ಲ ಆಯಾಸವೂ ಈ ಜಾತಿಯದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದವರಿಗೂ ಸುಸ್ತಾಗುತ್ತದೆ, ನಾಡಿ ವೇಗವಾಗಿ ಮಿಡಿಯುತ್ತದೆ. ಅದಕ್ಕೆ ಬೇಕಾದುದು ಕಬ್ಬಿಣಾಂಶದ ಮಾತ್ರೆಯೇ ಹೊರತು ನಾಡಿಯ ಎಣಿಕೆಯಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ, ಮೂತ್ರಪಿಂಡ ಮತ್ತು ಹೃದಯದ ತೊಂದರೆ, ಕ್ಷಯ ಇವೆಲ್ಲವೂ ಆಯಾಸದ ವೇಷದಲ್ಲಿಯೇ ಬರುತ್ತವೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆ ಮೊದಲು ಆಗಬೇಕು. ದೇವದುರ್ಗ, ಮಾನ್ವಿಗಳ ತಾಲ್ಲೂಕು ಆಸ್ಪತ್ರೆಗಳಲ್ಲಿಯೋ ರಾಯಚೂರಿನ ರಿಮ್ಸ್‌ನಲ್ಲಿಯೋ ಇವನ್ನೆಲ್ಲ ಪರೀಕ್ಷಿಸಿಕೊಂಡ ಮೇಲೆಯೇ ಮುಂದಿನ ಮಾತು. ಇನ್ನೊಂದು ಸಂಗತಿ: ಹೃದಯಾಘಾತದಿಂದ ಚೇತರಿಸಿಕೊಂಡವರಿಗೆ, ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳಿದ ನಡಿಗೆ ಔಷಧಕ್ಕೆ ಸಮಾನ. ಅವರು ಈ ಲೇಖನವನ್ನು ಓದಿ ನಡಿಗೆಯನ್ನು ನಿಲ್ಲಿಸಬಾರದು. ಶ್ರಮದ ನಂತರ ದಿನಗಳ ಕಾಲ ಕುಸಿಯುವವರಿಗೆ ಮಾತ್ರ ಇದು ಅನ್ವಯಿಸುತ್ತದೆ.

ಹಾಗಾದರೆ ಹೃದಯದ ಬಡಿತಕ್ಕೂ ಈ ಕುಸಿತಕ್ಕೂ ಏನು ಸಂಬಂಧ? ದೇಹ ಶಕ್ತಿಯನ್ನು ಎರಡು ದಾರಿಗಳಲ್ಲಿ ಪಡೆಯುತ್ತದೆ. ಆಮ್ಲಜನಕವನ್ನು ಬಳಸಿ ನಿಧಾನವಾಗಿ, ಬಹುಹೊತ್ತು ಪಡೆಯುವುದು ಒಂದು. ಬೇಡಿಕೆ ಹೆಚ್ಚಾಗಿ ಆ ದಾರಿ ಸಾಲದಾದಾಗ ಆಮ್ಲಜನಕವಿಲ್ಲದೆಯೇ ಅವಸರದಲ್ಲಿ ಪಡೆಯುವುದು ಇನ್ನೊಂದು. ಎರಡನೆಯದು ಸಾಲದ ವ್ಯವಹಾರವಿದ್ದಂತೆ. ಬಹುಬೇಗ ತೀರುತ್ತದೆ, ಮೇಲೆ ತೀರಿಸಬೇಕಾದ ಬಾಕಿಯೂ ಉಳಿಯುತ್ತದೆ. ಆರೋಗ್ಯವಂತರಲ್ಲಿ ಈ ಎರಡರ ನಡುವಿನ ಗಡಿ ಸಾಕಷ್ಟು ಎತ್ತರದಲ್ಲಿರುತ್ತದೆ. ಕೊಡ ಹೊತ್ತರೂ ಮೆಟ್ಟಿಲು ಹತ್ತಿದರೂ ಅವರು ಅದರ ಹತ್ತಿರ ಸುಳಿಯುವುದಿಲ್ಲ. ಈ ಕಾಯಿಲೆಯವರಲ್ಲಿ ಅದು ಬಹಳ ಕೆಳಗೆ ಇಳಿದಿರುತ್ತದೆ. ಅಮೆರಿಕದಲ್ಲಿ ವರ್ಕ್‌ವೆಲ್ ಫೌಂಡೇಶನ್ ಎಂಬ ಸಂಸ್ಥೆಯ ತಜ್ಞರು ಇದನ್ನು ತೋರಿಸಲು ರೋಗಿಗಳನ್ನು ಒಂದು ದಿನವಲ್ಲ, ಸತತ ಎರಡು ದಿನ ಸೈಕಲ್ ತುಳಿಸಿ ಪರೀಕ್ಷಿಸಿದರು. ಆರೋಗ್ಯವಂತರು ಎರಡನೆಯ ದಿನವೂ ಮೊದಲ ದಿನದಷ್ಟೇ ಕೆಲಸ ಮಾಡಬಲ್ಲರು. ಈ ರೋಗಿಗಳಲ್ಲಿ ಎರಡನೆಯ ದಿನ ಆ ಗಡಿಯೇ ಕೆಳಗಿಳಿದಿತ್ತು. ಒಂದೇ ದಿನ ಪರೀಕ್ಷಿಸಿದರೆ ಇದು ತಿಳಿಯುತ್ತಿರಲಿಲ್ಲ. ವೈದ್ಯರ ಮುಂದೆ ಹತ್ತು ನಿಮಿಷ ಗಟ್ಟಿಮುಟ್ಟಾಗಿ ಕಾಣುವ ರೋಗಿಯ ಮಾತನ್ನು ಯಾರೂ ಏಕೆ ನಂಬುವುದಿಲ್ಲ ಎಂಬುದಕ್ಕೆ ಇದರಲ್ಲಿಯೇ ಉತ್ತರವಿದೆ.

ಗಡಿಯನ್ನು ದಾಟಿದ ಕ್ಷಣದಲ್ಲಿ ರೋಗಿಗೆ ಅದು ಗೊತ್ತಾಗುವುದಿಲ್ಲ. ಆಗ ಮೈ ಹುರುಪಿನಲ್ಲಿಯೇ ಇರುತ್ತದೆ. ಶಿಕ್ಷೆ ಬರುವುದು ಮರುದಿನ. ಆದರೆ ಹೃದಯ ಆ ಕ್ಷಣದಲ್ಲಿಯೇ ತನ್ನ ವೇಗವನ್ನು ಏರಿಸಿ ಸೂಚನೆ ಕೊಟ್ಟಿರುತ್ತದೆ. ಆ ಸೂಚನೆಯನ್ನು ಓದಿ, ದಣಿವಾಗುವ ಮೊದಲೇ ನಿಲ್ಲುವುದೇ ಈ ಕ್ರಮದ ತಿರುಳು.

ಎಣಿಸುವ ಬಗೆ ಸರಳ. ಬೆಳಿಗ್ಗೆ ಎಚ್ಚರವಾದ ಮೇಲೆ, ಹಾಸಿಗೆಯಿಂದ ಏಳುವ ಮೊದಲು, ಚಹಾ ಕುಡಿಯುವ ಮೊದಲು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡುತ್ತ ಮೂವತ್ತು ಸೆಕೆಂಡು ನಾಡಿಯನ್ನು ಎಣಿಸಿ ಎರಡರಿಂದ ಗುಣಿಸಬೇಕು. ಮಿಡಿತ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ಅಂಥ ಏರುಪೇರನ್ನು ವೈದ್ಯರಿಗೂ ತಿಳಿಸಬೇಕು. ಏಳು ದಿನ ಹೀಗೆ ಬರೆದಿಟ್ಟು ಸರಾಸರಿ ತೆಗೆದರೆ ವಿಶ್ರಾಂತಿಯ ನಾಡಿ ಸಿಗುತ್ತದೆ. ಅದಕ್ಕೆ 15 ಕೂಡಿಸಿದರೆ ದೊರೆಯುವ ಸಂಖ್ಯೆಯೇ ದಿನದ ಮೇಲ್ಮಿತಿ ಎಂದು ಮೇಲೆ ಹೇಳಿದ ತಜ್ಞರ ಸಲಹೆ. ವಯಸ್ಸನ್ನು 220ರಿಂದ ಕಳೆದು ಉಳಿದುದರ ಶೇಕಡಾ 60ನ್ನು ಮಿತಿಯಾಗಿಡುವ ಇನ್ನೊಂದು ಸೂತ್ರವೂ ಬಳಕೆಯಲ್ಲಿದೆ. ಅದು ಎಲ್ಲ ಮನುಷ್ಯರನ್ನೂ ವಯಸ್ಸಿನಿಂದ ಮಾತ್ರ ಅಳೆಯುತ್ತದೆ. ಕಾಯಿಲೆ ತೀವ್ರವಾಗಿರುವವರಿಗೆ ಆ ಮಿತಿ ಎತ್ತರವಾಗುತ್ತದೆ. ಆದ್ದರಿಂದ ಮೊದಲನೆಯದೇ ಮೇಲೆಂಬುದು ನಮ್ಮ ಅಭಿಪ್ರಾಯ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಾನ್ವಿಯ ಒಂದು ಮನೆಯಲ್ಲಿ 42 ವರ್ಷದ ಗೃಹಿಣಿ. ಏಳು ಬೆಳಗುಗಳ ಎಣಿಕೆ 74, 76, 73, 75, 78, 74, 75. ಒಟ್ಟು 525, ಸರಾಸರಿ 75, ಮಿತಿ 90. ಎರಡನೆಯ ಸೂತ್ರದಂತೆ ಲೆಕ್ಕ ಹಾಕಿದ್ದರೆ 107 ಆಗುತ್ತಿತ್ತು. ಹದಿನೇಳು ಬಡಿತಗಳ ಅಂತರ ಚಿಕ್ಕದಲ್ಲ. ಆಕೆ ನಲ್ಲಿಯಿಂದ ಕೊಡ ತುಂಬಿಕೊಂಡು ಒಳಗೆ ತಂದಿಟ್ಟ ಕೂಡಲೇ ನಾಡಿ ನೋಡಿದರೆ 118 ಇರುತ್ತದೆ. ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಜೋಳದ ರೊಟ್ಟಿ ಬಡಿಯುವಾಗ ಕೈಯ ದುಡಿಮೆ, ಬೆಂಕಿಯ ಕಾವು ಎರಡೂ ಸೇರಿ 105. ಮಾಳಿಗೆ ಹತ್ತಿ ಬಟ್ಟೆ ಒಣಹಾಕುವಾಗ ಕೈಗಳನ್ನು ತಲೆಯ ಮೇಲೆತ್ತಿ ಹಿಡಿಯುವುದರಿಂದ 120 ದಾಟುತ್ತದೆ. ಬೆಳಗಿನ ಹತ್ತು ಗಂಟೆಯೊಳಗೆ ಆಕೆ ಮಿತಿಯನ್ನು ಹತ್ತಾರು ಸಲ ಮೀರಿರುತ್ತಾಳೆ, ಒಂದು ಸಲವೂ ದಣಿವಾಯಿತೆಂದು ಅನ್ನಿಸದೆ. ಎರಡು ದಿನಗಳ ನಂತರ ಮಲಗಿದಾಗ ಕಾರಣವೇ ಇಲ್ಲದೆ ಮಲಗಿದಳೆಂದು ಮನೆಯವರಿಗೆ ತೋರುತ್ತದೆ.

ಈಗ ಅದೇ ಕೆಲಸಗಳನ್ನು ಬೇರೆ ಬಗೆಯಲ್ಲಿ ಜೋಡಿಸಿ ನೋಡೋಣ. ತುಂಬಿದ ಕೊಡವನ್ನು ಮನೆಯ ಮಗನೋ ಯಜಮಾನರೋ ತರುತ್ತಾರೆ. ಅವರಿಲ್ಲದ ಹೊತ್ತಿಗೆ ಬೇಕಾದರೆ ಸಣ್ಣ ತಂಬಿಗೆಯಲ್ಲಿ ತರುವಷ್ಟು ನೀರು ಮಾತ್ರ ಆಕೆಯ ಪಾಲು. ಒಲೆಯನ್ನು ಕಟ್ಟೆಯ ಮೇಲೇರಿಸಿ ಎತ್ತರದ ಸ್ಟೂಲಿನಲ್ಲಿ ಕುಳಿತು ಬೇಯಿಸಬಹುದು. ನಾಲ್ಕು ರೊಟ್ಟಿಗಳಾದ ಮೇಲೆ ಉರಿ ತಗ್ಗಿಸಿ, ನಾಡಿ ಮಿತಿಯ ಕೆಳಗೆ ಇಳಿಯುವ ತನಕ ಕಣ್ಣು ಮುಚ್ಚಿ ಕೂರಬೇಕು. ದಿನವೂ ಬಿಸಿ ರೊಟ್ಟಿಯೇ ಆಗಬೇಕೆಂಬ ಹಟವನ್ನು ಮನೆಯವರು ಬಿಟ್ಟರೆ ಇನ್ನೂ ಒಳ್ಳೆಯದು. ನಮ್ಮ ಭಾಗದಲ್ಲಿ ಖಡಕ್ ರೊಟ್ಟಿಯನ್ನು ಮಾಡಿ ಮಾರುವ ಮಹಿಳೆಯರಿಗೇನು ಕೊರತೆಯಿಲ್ಲ. ವಾರಗಟ್ಟಲೆ ಕೆಡದ ಆಹಾರವನ್ನು ಹಿರಿಯರು ಕಂಡುಕೊಂಡದ್ದು ಇಂಥ ಹೊತ್ತಿಗೂ ಒದಗುತ್ತದೆ. ಬಟ್ಟೆಯ ಹಗ್ಗವನ್ನು ಮಾಳಿಗೆಯಿಂದ ಅಂಗಳಕ್ಕೆ ಇಳಿಸಿ ಎದೆಯೆತ್ತರಕ್ಕೆ ಕಟ್ಟಬೇಕು. ಸ್ನಾನಕ್ಕೆ ಬಿಸಿನೀರು ಹಿತವೆನಿಸಿದರೂ ಅದು ನಾಡಿಯನ್ನು ಏರಿಸುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಕುಳಿತು ಮೀಯುವುದು ಸರಿ. ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಹತ್ತು ಹದಿನೈದು ನಿಮಿಷ ಮಲಗುವುದನ್ನು ಕೆಲಸದ ಒಂದು ಭಾಗವೆಂದೇ ಎಣಿಸಬೇಕು. ಸುಸ್ತಾದ ಮೇಲೆ ಮಲಗುವುದು ಬೇರೆ, ಸುಸ್ತಾಗದಿರಲೆಂದು ಮಲಗುವುದು ಬೇರೆ. ಇಲ್ಲಿ ಬೇಕಾದುದು ಎರಡನೆಯದು.

ಮಿತಿಯನ್ನು ಎಂದಿಗೂ ಮೀರದೆ ಬದುಕಲು ಸಾಧ್ಯವೇ ಎಂದು ಕೇಳಿದರೆ, ಹೆಚ್ಚಿನವರಿಗೆ ಸಾಧ್ಯವಿಲ್ಲ. ಕೆಲವರಿಗೆ ಎದ್ದು ನಿಂತರೆ ಸಾಕು, ನಾಡಿ ಮೂವತ್ತು ಬಡಿತ ಮೇಲೇರುತ್ತದೆ. ನಿಂತ ಹತ್ತು ನಿಮಿಷದೊಳಗೆ ಹೀಗಾಗುವುದು ಪಾಟ್ಸ್ ಎಂಬ ಬೇರೊಂದು ತೊಂದರೆಯ ಲಕ್ಷಣವಿರಬಹುದು. ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಇರುವುದರಿಂದ ವೈದ್ಯರಿಗೆ ಹೇಳಲೇಬೇಕು. ಉಳಿದವರು ಮೀರಿದ ಹೊತ್ತನ್ನು ಕಡಿಮೆ ಮಾಡುವುದು, ಮೀರಿದಾಗ ಕೂಡಲೇ ಕೂರುವುದು, ಇಷ್ಟನ್ನು ಸಾಧಿಸಿದರೂ ಕುಸಿತಗಳ ನಡುವಿನ ಅಂತರ ಹೆಚ್ಚುವುದನ್ನು ಕಾಣಬಹುದು. ಬೆಳಗಿನ ಎಣಿಕೆ ಕೂಡ ಮಾತಾಡುತ್ತದೆ. ಎಂದಿನ 75ರ ಬದಲು ಒಂದು ಬೆಳಿಗ್ಗೆ 85 ಬಂದರೆ ಹಿಂದಿನ ದಿನಗಳ ಬಾಕಿ ಇನ್ನೂ ತೀರಿಲ್ಲವೆಂದೋ ಯಾವುದೋ ಸೋಂಕು ಒಳಗೆ ಬಂದಿದೆಯೆಂದೋ ತಿಳಿದು ಆ ದಿನದ ಕೆಲಸವನ್ನು ಅರ್ಧಕ್ಕೆ ಇಳಿಸಬೇಕು.

ಇದಕ್ಕೆ ದುಬಾರಿ ಗಡಿಯಾರ ಬೇಕೆಂದು ಯಾರೂ ಭಾವಿಸಬಾರದು. 2020-21ರ ಕೋವಿಡ್ ದಿನಗಳಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನು ಬಹಳಷ್ಟು ಮನೆಗಳವರು ಕೊಂಡಿದ್ದರು. ಅದು ಇಂದು ಯಾವುದೋ ಡಬ್ಬಿಯಲ್ಲಿ ಬಿದ್ದಿರಬಹುದು. ಅದರಲ್ಲಿ ಕಾಣುವ ಎರಡು ಸಂಖ್ಯೆಗಳಲ್ಲಿ ಒಂದು ರಕ್ತದ ಆಮ್ಲಜನಕ, ಪಿ.ಆರ್. ಎಂಬ ಗುರುತಿನ ಮುಂದಿರುವುದು ನಾಡಿಯ ವೇಗ. ಹೊಸ ಸೆಲ್ ಹಾಕಿದರೆ ಸಾಕು. ಬೆರಳಿಗೆ ಮೆಹಂದಿ, ಉಗುರಿಗೆ ಬಣ್ಣ ಇದ್ದರೆ ಮಾತ್ರ ಬೇರೆ ಬೆರಳನ್ನು ಬಳಸಬೇಕು. ಕೈಗಡಿಯಾರದ ಅನುಕೂಲವೆಂದರೆ ಅದು ಎಡೆಬಿಡದೆ ಎಣಿಸುತ್ತದೆ, ಮಿತಿ ಮೀರಿದಾಗ ಕಂಪಿಸಿ ಎಚ್ಚರಿಸುತ್ತದೆ. ಅದು ಹಸಿರು ಬೆಳಕನ್ನು ಚರ್ಮದೊಳಗೆ ಹಾಯಿಸಿ ರಕ್ತದ ಏರಿಳಿತವನ್ನು ಓದುವ ಸಾಧನ. ಪಟ್ಟಿ ಸಡಿಲವಾಗಿದ್ದರೆ, ಕೈ ಬಿರುಸಾಗಿ ಆಡುತ್ತಿದ್ದರೆ, ಮಣಿಕಟ್ಟಿನ ಮೇಲೆ ಹಚ್ಚೆ ಇದ್ದರೆ ತಪ್ಪು ಸಂಖ್ಯೆ ತೋರಿಸುತ್ತದೆ. ರೊಟ್ಟಿ ಬಡಿಯುವ ಕೈಯ ಗಡಿಯಾರವನ್ನು ನಂಬುವುದಕ್ಕಿಂತ ಬಡಿಯುವುದನ್ನು ನಿಲ್ಲಿಸಿ ಬೆರಳಿನಿಂದ ಎಣಿಸುವುದೇ ಖಚಿತ. ಅಂದಹಾಗೆ, ನಮ್ಮಲ್ಲಿ ನಾಡಿ ಹಿಡಿದು ನೋಡುವ ವಿದ್ಯೆ ಹಳೆಯದು. ಶಾರ್ಙ್ಗಧರ ಸಂಹಿತೆಯಲ್ಲಿ ಅದರ ವಿವರಣೆ ಇದೆ. ಅಲ್ಲಿ ನಾಡಿಯ ನಡೆಯನ್ನು ಓದುತ್ತಾರೆ, ಇಲ್ಲಿ ಎಣಿಕೆ ಮಾತ್ರ. ಎಣಿಕೆಗೆ ಪಾಂಡಿತ್ಯ ಬೇಡ. ಶಾಲೆಗೆ ಹೋಗುವ ಮಗುವೂ ಅಜ್ಜಿಗೆ ಮಾಡಿಕೊಡಬಹುದು.

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದುದು ಬಿಸಿಲು. ಬೇಸಿಗೆಯಲ್ಲಿ ರಾಯಚೂರಿನ ತಾಪ 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಸೆಕೆಯಲ್ಲಿ ದೇಹವನ್ನು ತಂಪಾಗಿಡಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ನೂಕಬೇಕು. ಬೆವರಿ ನೀರಿನಂಶ ಕಡಿಮೆಯಾದರೆ ಇರುವ ಅಷ್ಟೇ ರಕ್ತವನ್ನು ಇನ್ನೂ ವೇಗವಾಗಿ ತಿರುಗಿಸಬೇಕು. ಮೈಯ ತಾಪ ಒಂದು ಡಿಗ್ರಿ ಏರಿದರೆ ನಾಡಿ ಸುಮಾರು ಹತ್ತು ಬಡಿತ ಏರುತ್ತದೆಂಬುದು ವೈದ್ಯರ ಹಳೆಯ ಲೆಕ್ಕ. ಹೀಗಾಗಿ ಜನವರಿಯಲ್ಲಿ ಮಿತಿಯೊಳಗೇ ಮುಗಿಯುತ್ತಿದ್ದ ಕೆಲಸ ಮೇ ತಿಂಗಳಲ್ಲಿ ಮುಗಿಯುವುದಿಲ್ಲ. ಮಿತಿಯನ್ನು ಏರಿಸಿಕೊಳ್ಳಬಾರದು; ಕೆಲಸವನ್ನು ಇಳಿಸಬೇಕು, ಸೂರ್ಯ ಏರುವ ಮೊದಲೇ ಮುಗಿಸಬೇಕು. ನೀರು, ಮಜ್ಜಿಗೆ, ಓ.ಆರ್.ಎಸ್. ಹತ್ತಿರವಿರಲಿ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪು ಮತ್ತು ನೀರಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಕೂಲಿಯಿಂದ ಬದುಕುವವರ ಪ್ರಶ್ನೆಯೇ ಇಲ್ಲಿ ಕಠಿಣವಾದುದು. ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವವರಿಗೆ, ಮಾನ್ವಿಯ ತುಂಗಭದ್ರಾ ಕಾಲುವೆಯ ಗದ್ದೆಗಳಲ್ಲಿ ದಿನವಿಡೀ ಬಾಗಿ ಭತ್ತ ನಾಟಿ ಮಾಡುವವರಿಗೆ ಮಿತಿ 90 ಎಂದು ಹೇಳುವುದು ಸುಲಭ, ಪಾಲಿಸುವುದು ಸುಲಭವಲ್ಲ. ಬಿಡಿಸಿದ ಹತ್ತಿಗೆ ತೂಕದ ಲೆಕ್ಕದಲ್ಲಿ ಕೂಲಿ ಇರುವಲ್ಲಿ ಗಂಟೆಗೊಮ್ಮೆ ಬದುವಿನ ನೆರಳಿಗೆ ಹೋಗಿ ಕೂರಲು ಅವಕಾಶವಾದರೂ ಇರುತ್ತದೆ. ಕೂಲಿ ಕಡಿಮೆಯಾಗುತ್ತದೆ, ಆದರೆ ಮುಂದಿನ ಮೂರು ದಿನಗಳ ಕೂಲಿ ಉಳಿಯುತ್ತದೆ. ಗುಂಪಾಗಿ ಸಾಲು ಹಿಡಿದು ನಾಟಿ ಮಾಡುವಲ್ಲಿ ಅದಕ್ಕೂ ಅವಕಾಶವಿಲ್ಲ. ಅಂಥವರಿಗೆ ಸಸಿಯ ಕಟ್ಟು ಬಿಡಿಸಿಕೊಡುವ, ಕುಳಿತು ಮಾಡುವ ಕೆಲಸವನ್ನು ಗುಂಪಿನ ಹಿರಿಯ ಹೆಣ್ಣುಮಕ್ಕಳು ಬಿಟ್ಟುಕೊಡಬೇಕು. ಹೊಲದ ಯಜಮಾನರಾಗಿರುವ ಭಕ್ತರು ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕೆಂದು ನಾವು ನೇರವಾಗಿಯೇ ಕೇಳಿಕೊಳ್ಳುತ್ತೇವೆ.

ಕಾಯಕವನ್ನು ಹಿರಿದೆಂದು ಬಗೆದ ಸಮಾಜ ನಮ್ಮದು. ಈ ಕಾರಣಕ್ಕಾಗಿಯೇ ನಮ್ಮಲ್ಲಿ ಮಲಗಿರುವ ರೋಗಿಗೆ ಕಾಯಿಲೆಯ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ಮೈಗಳ್ಳತನವೆಂಬ ಒಂದು ಮಾತು ಬಿದ್ದರೆ ಆಕೆ ಎದ್ದು ಕೆಲಸಕ್ಕೆ ತೊಡಗುತ್ತಾಳೆ, ಮತ್ತೆ ಕುಸಿಯುತ್ತಾಳೆ, ಪ್ರತಿ ಕುಸಿತದ ನಂತರ ಮೊದಲಿನ ಮಟ್ಟಕ್ಕೆ ಮರಳದೆ ಉಳಿಯುವ ಅಪಾಯವೂ ಇದೆ. ಸ್ವಲ್ಪ ಸ್ವಲ್ಪವೇ ಹೆಚ್ಚು ದುಡಿಸಿದರೆ ಸರಿಹೋಗುತ್ತಾರೆಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಇತ್ತು. ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ, ನಿಗದಿತವಾಗಿ ವ್ಯಾಯಾಮವನ್ನು ಏರಿಸುತ್ತ ಹೋಗುವ ಆ ಚಿಕಿತ್ಸೆಯನ್ನು ಈ ರೋಗಿಗಳಿಗೆ ಕೊಡಬಾರದೆಂದು ಹೇಳಿತು. ಇರುವ ಶಕ್ತಿಯನ್ನು ಜಾಣತನದಿಂದ ಹಂಚಿಕೊಳ್ಳಲು ಕಲಿಸಬೇಕೆಂದಿತು. ಆದ್ದರಿಂದ ಸೊಸೆ ಮಧ್ಯಾಹ್ನ ಮಲಗಿದ್ದಾಳೆಂದು ಅತ್ತೆಯವರು ಗೊಣಗುವ ಮೊದಲು ಒಮ್ಮೆ ಆಕೆಯ ಮಣಿಕಟ್ಟನ್ನು ಹಿಡಿದು ಎಣಿಸಿ ನೋಡಲಿ. ಮಾತಿಗೆ ನಂಬಿಕೆ ಸಿಗದ ಮನೆಯಲ್ಲಿಯೂ ಸಂಖ್ಯೆಗೆ ಸಿಗಬಹುದು.

ಪೂಜೆ, ವ್ರತಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಇಷ್ಟಲಿಂಗ ಪೂಜೆಗೆ ಬೆಳಗಿನ ಶಾಂತ ಹೊತ್ತು, ಬೆನ್ನಿಗೆ ಆಸರೆ ಇರುವ ಆಸನ ಸಾಕು. ಕಠಿಣ ಉಪವಾಸ, ಶ್ರಾವಣದಲ್ಲಿ ದೂರದ ಪಾದಯಾತ್ರೆ, ಜಾತ್ರೆಯಲ್ಲಿ ದಾಸೋಹದ ಭಾರದ ಕೆಲಸ ಇವನ್ನು ಇಂಥವರಿಂದ ಯಾರೂ ನಿರೀಕ್ಷಿಸಬಾರದು, ಅವರಾಗಿಯೇ ಮುಂದೆ ಬಂದರೂ ತಡೆಯಬೇಕು. ಕುಳಿತು ಕಾಯಿಪಲ್ಯ ಸೋಸಿ ಕೊಡುವುದೂ ದಾಸೋಹವೇ. ಮದುವೆಗೆ ಹೋಗಲೇಬೇಕಾದರೆ ಹಿಂದಿನ ಎರಡು ದಿನ, ಮುಂದಿನ ಮೂರು ದಿನ ವಿಶ್ರಾಂತಿಗೆಂದು ಮೊದಲೇ ತೆಗೆದಿಟ್ಟು, ಅಕ್ಷತೆ ಹಾಕಿ ಹಿಂದಿರುಗಬೇಕು.

ಸಂಖ್ಯೆಗೂ ಅದರದೇ ಮಿತಿಗಳಿವೆ. ರಕ್ತದೊತ್ತಡಕ್ಕೋ ಹೃದಯಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಮಾತ್ರೆ ತೆಗೆದುಕೊಳ್ಳುವವರ ನಾಡಿಯನ್ನು ಆ ಮಾತ್ರೆಯೇ ತಗ್ಗಿಸಿರುತ್ತದೆ. ಶ್ರಮ ಹೆಚ್ಚಾದರೂ ಅದು ಅಷ್ಟಾಗಿ ಏರುವುದಿಲ್ಲ. ಅವರಿಗೆ ಈ ಎಣಿಕೆ ಸುಳ್ಳು ಭರವಸೆ ಕೊಡಬಹುದು. ಎಣಿಕೆಗಾಗಿ ಮಾತ್ರೆಯನ್ನು ನಿಲ್ಲಿಸುವುದಂತೂ ಅಪಾಯ. ಓದು, ಲೆಕ್ಕಪತ್ರ, ಚಿಂತೆ ಇವುಗಳಿಂದಾಗುವ ದಣಿವು ಕೂಡ ನಾಡಿಯಲ್ಲಿ ಪೂರ್ತಿಯಾಗಿ ಕಾಣಿಸುವುದಿಲ್ಲ. ಕೆಲವರು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತ ಗಾಬರಿಗೊಳ್ಳುತ್ತಾರೆ, ಗಾಬರಿಯಿಂದಲೇ ನಾಡಿ ಏರುತ್ತದೆ. ಅವರು ದಿನಕ್ಕೆ ಮೂರು ನಾಲ್ಕು ಸಲ ನೋಡಿದರೆ ಸಾಕು. ಈ ಕ್ರಮ ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಕುಸಿತವನ್ನು ಕಡಿಮೆ ಮಾಡಲು ಮಾತ್ರ ನೆರವಾಗುತ್ತದೆ. ಎದೆನೋವು, ಪ್ರಜ್ಞೆ ತಪ್ಪುವುದು, ಸುಮ್ಮನೆ ಕುಳಿತಾಗಲೂ ಉಸಿರುಕಟ್ಟುವುದು, ವಿಶ್ರಾಂತಿಯಲ್ಲಿಯೂ ನಾಡಿ 120ಕ್ಕಿಂತ ಮೇಲೆಯೇ ನಿಲ್ಲುವುದು ಇವು ಕಂಡರೆ ಲೆಕ್ಕ ಹಾಕುತ್ತ ಕೂರದೆ 108ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ ಆಸ್ಪತ್ರೆಯ ಪ್ರಯಾಣದ ಬಗ್ಗೆ ಒಂದು ಮಾತು. ದೇವದುರ್ಗದಿಂದಲಾಗಲಿ ಮಾನ್ವಿಯಿಂದಲಾಗಲಿ ರಾಯಚೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿನ ನೂಕುನುಗ್ಗಲು, ಚೀಟಿಯ ಸಾಲು, ಪರೀಕ್ಷೆಗಳ ಓಡಾಟ ಸೇರಿದರೆ ಈ ರೋಗಿಗೆ ಅದೊಂದು ದಿನದ ನಾಟಿಗಿಂತ ಕಡಿಮೆಯಲ್ಲ. ಸಾಲಿನಲ್ಲಿ ನಿಲ್ಲಲು ಜೊತೆಗೊಬ್ಬರು ಇರಲಿ, ರೋಗಿ ಕುಳಿತಿರಲಿ. ವೈದ್ಯರಿಗೆ ತೋರಿಸಲು ಒಂದು ಸಣ್ಣ ನೋಟ್‌ಬುಕ್ ಇರಬೇಕು. ಅದರಲ್ಲಿ ಪ್ರತಿದಿನದ ಬೆಳಗಿನ ನಾಡಿ, ಆ ದಿನ ಮಾಡಿದ ಮುಖ್ಯ ಕೆಲಸ, ಕೆಲಸದ ಕೂಡಲೇ ಎಣಿಸಿದ ನಾಡಿ, ಅದು ಇಳಿಯಲು ಹಿಡಿದ ನಿಮಿಷಗಳು, ಕುಸಿದ ದಿನಗಳ ಮುಂದೆ ಒಂದು ಗುರುತು, ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಇಷ್ಟನ್ನು ಬರೆದಿದ್ದರೆ ಸಾಕು. ಬರೆಯಲು ಬಾರದವರಿಗೆ ಮನೆಯ ಮಕ್ಕಳು ಬರೆದುಕೊಡಲಿ. ನಾಲ್ಕು ವಾರಗಳ ಪುಟಗಳನ್ನು ಮುಂದಿಟ್ಟರೆ, ಹತ್ತು ನಿಮಿಷದಲ್ಲಿ ಹೇಳಲಾಗದ ಸಂಗತಿಯನ್ನು ವೈದ್ಯರು ಎರಡು ನಿಮಿಷದಲ್ಲಿ ಓದಿಕೊಳ್ಳುತ್ತಾರೆ.